ಸರಿಯಾದ ಉತ್ತರಕ್ಕೆ ಒಂದು ಅಂಕ: ಗಣಿತ ಅಧ್ಯಯನ ಮಂಡಳಿಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಸ್ನಾತಕ ಗಣಿತ ಅಧ್ಯಯನ ಮಂಡಳಿ
ಮತ್ತು ಮಾನ್ಯ ಕುಲಸಚಿವರು (ಮೌಲ್ಯಮಾಪನ)

ವಿಷಯ: ಬಿ.ಎಸ್ಸಿ. ರೇಖೀಯ ಬೀಜಗಣಿತ ಪತ್ರಿಕೆಯ ಪ್ರಶ್ನೆಗಳು ಮತ್ತು ಮೌಲ್ಯಮಾಪನದ ಕ್ರಮ ಕುರಿತು

ಮಾನ್ಯರೆ,

ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಗಣಿತ ಪಾಠ ಮಾಡುತ್ತಿರುವ ಅತಿಥಿ ಉಪನ್ಯಾಸಕಿ. ಮಕ್ಕಳು 'ಲೀನಿಯರ್' ಎಂದು ಕರೆಯುವ ರೇಖೀಯ ಬೀಜಗಣಿತದ ಪತ್ರಿಕೆ ಬಹುಪಾಲು ವರ್ಷ ನನ್ನ ಪಾಲಿಗೇ ಬಂದಿದೆ. ಪ್ರಾಂಶುಪಾಲರ ಮೂಲಕ ನಿಮ್ಮ ಕಚೇರಿಗೆ ಎರಡು ಸಲ ಪತ್ರ ಬರೆದೆ. ಮೊದಲನೆಯದಕ್ಕೆ ಸ್ವೀಕೃತಿ ಬಂತು, ಎರಡನೆಯದಕ್ಕೆ ಅದೂ ಬರಲಿಲ್ಲ. ಮಂಡಳಿಯ ಸಭೆಗೆ ನಮ್ಮಂಥವರನ್ನು ಕರೆಯುವ ಪದ್ಧತಿಯಿಲ್ಲ. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನು ಬೇಕೆಂದೇ ಹಾಕಿಲ್ಲ. ಬೇರೆ ಕಡೆಯ ಅಧ್ಯಾಪಕರಿಗೆ ಇದು ತಮ್ಮ ಕಾಲೇಜಿನದೇ ಕತೆ ಅನ್ನಿಸಿದರೆ ಅವರೂ ತಮ್ಮ ಮಂಡಳಿಗೆ ಬರೆಯಲಿ.

ಮೊದಲು ಒಂದು ಉತ್ತರ ಪತ್ರಿಕೆಯ ವಿಷಯ.

ಕಳೆದ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ನನ್ನ ತರಗತಿಯ ಒಬ್ಬ ಹುಡುಗಿ ಅಳುತ್ತಾ ಸ್ಟಾಫ್ ರೂಮಿಗೆ ಬಂದಳು. ಲೀನಿಯರ್‌ನಲ್ಲಿ ಪಾಸಾಗಿದ್ದಳು, ಆದರೆ ಅಂಚಿನಲ್ಲಿ. ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಈ ವಿಷಯವನ್ನು ಹಿಡಿದವರು ಇನ್ನೊಬ್ಬರಿರಲಿಲ್ಲ. ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ನಕಲು ತರಿಸಿಕೊಳ್ಳಲು ನಾನೇ ಹೇಳಿದೆ. ಬಂದ ಮೇಲೆ ಇಬ್ಬರೂ ಕೂತು ಒಂದೊಂದೇ ಪುಟ ತಿರುವಿದೆವು.

ಆರು ಅಂಕದ ಒಂದು ಪ್ರಶ್ನೆ ಹೀಗಿತ್ತು: ಮೂರು ಅಡ್ಡಸಾಲು, ಮೂರು ಕಂಬಸಾಲಿನ ಮಾತೃಕೆ (ಅಂಕಿಗಳ ಚೌಕಟ್ಟು, ಮ್ಯಾಟ್ರಿಕ್ಸ್); ಕರ್ಣದಲ್ಲಿ 2, 2, 2, ಉಳಿದ ಆರೂ ಜಾಗದಲ್ಲಿ 1. ಅದರ ಐಗನ್ ಮೌಲ್ಯಗಳನ್ನು ಕಂಡುಹಿಡಿಯಿರಿ. (ಮಾತೃಕೆ ಒಂದು ಸದಿಶವನ್ನು, ಅಂದರೆ ವೆಕ್ಟರನ್ನು, ಅದೇ ನೇರದಲ್ಲಿ ಬಿಟ್ಟು ಎಷ್ಟು ಪಟ್ಟು ಮಾಡುತ್ತದೋ ಆ ಸಂಖ್ಯೆಯೇ ಐಗನ್ ಮೌಲ್ಯ.) ಗೈಡಿನ ದಾರಿ ಎಲ್ಲರಿಗೂ ಗೊತ್ತು. ಕರ್ಣದಿಂದ ಲ್ಯಾಂಬ್ಡಾ ಎಂಬ ಅಜ್ಞಾತ ಸಂಖ್ಯೆಯನ್ನು ಕಳೆಯಬೇಕು, ನಿರ್ಧಾರಕ (ಡಿಟರ್ಮಿನೆಂಟ್) ಬಿಡಿಸಬೇಕು, ಮೂರನೇ ಘಾತದ ಸಮೀಕರಣ ಬರೆಯಬೇಕು, ಒಂದು ಮೂಲವನ್ನು ಊಹಿಸಿ ಭಾಗಿಸಬೇಕು. ಮುಕ್ಕಾಲು ಪುಟದ ಕೆಲಸ. ಈ ಹುಡುಗಿ ಬರೆದದ್ದು ಐದೇ ಸಾಲು. ಪ್ರತಿ ಅಡ್ಡಸಾಲಿನ ಮೊತ್ತವೂ 4, ಆದ್ದರಿಂದ (1, 1, 1) ಎಂಬ ಸದಿಶಕ್ಕೆ ಈ ಮಾತೃಕೆ ಹಚ್ಚಿದರೆ (4, 4, 4) ಬರುತ್ತದೆ, ಹಾಗಾಗಿ 4 ಒಂದು ಐಗನ್ ಮೌಲ್ಯ. ಮಾತೃಕೆಯಿಂದ ಐಡೆಂಟಿಟಿಯನ್ನು (ಕರ್ಣದಲ್ಲಿ 1, ಉಳಿದೆಡೆ 0 ಇರುವ ಮಾತೃಕೆ) ಕಳೆದರೆ ಒಂಬತ್ತೂ ಜಾಗದಲ್ಲಿ 1 ಉಳಿಯುತ್ತದೆ, ಸ್ವತಂತ್ರವಾದ ಸಾಲು ಒಂದೇ, ಅಂದರೆ ಅದರ ರ‍್ಯಾಂಕ್ ಒಂದೇ, ಅಂದರೆ ಎರಡು ಆಯಾಮದಷ್ಟು ಸದಿಶಗಳು ಅದರಲ್ಲಿ ಸೊನ್ನೆಯಾಗುತ್ತವೆ, ಹಾಗಾಗಿ 1 ಎಂಬುದು ಎರಡು ಸಲ ಬರುವ ಐಗನ್ ಮೌಲ್ಯ. ಕೊನೆಯ ಸಾಲಿನಲ್ಲಿ ತಾಳೆ ನೋಡಿದ್ದಳು: 4, 1, 1 ಕೂಡಿದರೆ 6, ಕರ್ಣದ ಮೊತ್ತವೂ 6.

ಇದನ್ನು ಗಣಿತ ಗೊತ್ತಿರುವ ಯಾರಿಗಾದರೂ ತೋರಿಸಿ. ಒಂದು ಅಕ್ಷರವೂ ತಪ್ಪಿಲ್ಲ. ರ‍್ಯಾಂಕ್ ಅಂದರೇನು, ಐಗನ್ ಅಂದರೇನು, ಎರಡಕ್ಕೂ ನಂಟು ಎಲ್ಲಿ ಎಂಬುದು ಅರ್ಥವಾದವರು ಮಾತ್ರ ಬರೆಯಬಹುದಾದ ಉತ್ತರ ಅದು. ಅವಳಿಗೆ ಬಂದದ್ದು ಆರಕ್ಕೆ ಒಂದು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಸ್ಟೆಪ್ಸ್?' ಎಂದು ಬರೆದಿತ್ತು. ಮತ್ತೆ ಶುಲ್ಕ ಕಟ್ಟಿ ಮರುಮೌಲ್ಯಮಾಪನಕ್ಕೆ ಹಾಕಿದಳು. 'ನೋ ಚೇಂಜ್' ಎಂದು ಬಂತು.

ಮೌಲ್ಯಮಾಪಕರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಆ ಮೇಜಿನ ಮುಂದೆ ನಾನೂ ಕೂತಿದ್ದೇನೆ. ಕಟ್ಟಿನ ಮೇಲೆ ಕಟ್ಟು ಬರುತ್ತದೆ, ಸಂಜೆಯೊಳಗೆ ಮುಗಿಸಬೇಕು, ಕೈಯಲ್ಲಿ ಸ್ಕೀಮ್ ಇರುತ್ತದೆ. ಲಾಕ್ಷಣಿಕ ಸಮೀಕರಣ (ಮೇಲೆ ಹೇಳಿದ ಲ್ಯಾಂಬ್ಡಾದ ಸಮೀಕರಣ) ಬರೆದರೆ ಇಷ್ಟು, ಬಿಡಿಸಿದರೆ ಇಷ್ಟು, ಮೂಲಗಳಿಗೆ ಇಷ್ಟು ಎಂದು ಅದರಲ್ಲಿ ಹಂಚಿಟ್ಟಿರುತ್ತದೆ. ಆ ಹಂತಗಳಿಲ್ಲದ ಉತ್ತರಕ್ಕೆ ಅಂಕ ಕೊಟ್ಟರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಮೌಲ್ಯಮಾಪಕರೇ ಸಮಜಾಯಿಷಿ ಕೊಡಬೇಕು. ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಮನುಷ್ಯರು ಏನು ಮಾಡುತ್ತಾರೋ ಅದನ್ನೇ ಅವರು ಮಾಡಿದ್ದಾರೆ.

ಆದರೆ ಅದೇ ಸ್ಕೀಮಿನ ಇನ್ನೊಂದು ಮುಖವನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷದ ಹಿಂದೆ ನಾನು ಮೌಲ್ಯಮಾಪನಕ್ಕೆ ಹೋಗಿದ್ದಾಗ ಕೇಯ್ಲಿ–ಹ್ಯಾಮಿಲ್ಟನ್ ಪ್ರಮೇಯವನ್ನು ನಿರೂಪಿಸಿ ಸಾಧಿಸಿ ಎಂಬ ಪ್ರಶ್ನೆಯಿತ್ತು. ನಮ್ಮ ಪತ್ರಿಕೆಯಲ್ಲಿ ಅದು ಬಾರದ ವರ್ಷವೇ ಕಡಿಮೆ. ಪ್ರತಿಯೊಂದು ವರ್ಗ ಮಾತೃಕೆಯೂ ತನ್ನದೇ ಲಾಕ್ಷಣಿಕ ಸಮೀಕರಣವನ್ನು ತೃಪ್ತಿಪಡಿಸುತ್ತದೆ ಎನ್ನುವುದು ಪ್ರಮೇಯ. ನನ್ನ ಕಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಸಾಧನೆ ಬರೆದಿದ್ದರು. ಎ ಎಂಬ ಮಾತೃಕೆಯಿಂದ ಲ್ಯಾಂಬ್ಡಾ ಪಟ್ಟು ಐಡೆಂಟಿಟಿಯನ್ನು ಕಳೆದು ನಿರ್ಧಾರಕ ತೆಗೆದುಕೊಳ್ಳುವುದು, ಆಮೇಲೆ ಲ್ಯಾಂಬ್ಡಾ ಇದ್ದ ಕಡೆ ಎ ಯನ್ನೇ ಹಾಕುವುದು. ಎ ಯಿಂದ ಎ ಕಳೆದರೆ ಸೊನ್ನೆ, ಸೊನ್ನೆಯ ನಿರ್ಧಾರಕ ಸೊನ್ನೆ, ಪ್ರಮೇಯ ಸಾಧಿತವಾಯಿತು. ಎರಡು ಸಾಲಿಗೆ ಮುಗಿಯಿತು.

ಮಾನ್ಯರೆ, ಇದು ಸಾಧನೆಯೇ ಅಲ್ಲ ಎಂಬುದು ತಮಗೆ ಗೊತ್ತು. ಲ್ಯಾಂಬ್ಡಾ ಒಂದು ಸಂಖ್ಯೆ, ಆ ಜಾಗಕ್ಕೆ ಮಾತೃಕೆಯನ್ನು ತೂರಿಸಲಾಗದು. ನಿರ್ಧಾರಕ ಕೊಡುವುದು ಸಂಖ್ಯೆಯನ್ನು, ಪ್ರಮೇಯ ಹೇಳುವುದು ಸೊನ್ನೆ ಮಾತೃಕೆಯ ಬಗ್ಗೆ. ಇದೇ ಉಪಾಯವನ್ನು ನಿರ್ಧಾರಕದ ಬದಲು ಕರ್ಣದ ಮೊತ್ತಕ್ಕೆ ಹಚ್ಚಿ ನೋಡಿದರೆ, ಜಗತ್ತಿನ ಪ್ರತಿ ವರ್ಗ ಮಾತೃಕೆಯೂ ಐಡೆಂಟಿಟಿಯನ್ನು ಯಾವುದೋ ಸಂಖ್ಯೆಯಿಂದ ಗುಣಿಸಿದ್ದಷ್ಟೇ ಎಂಬ ಶುದ್ಧ ಸುಳ್ಳು ಅಷ್ಟೇ ಸಲೀಸಾಗಿ 'ಸಾಧಿತ'ವಾಗುತ್ತದೆ. ಪ್ರಮೇಯಕ್ಕೆ ಹೆಸರು ಕೊಟ್ಟ ಆರ್ಥರ್ ಕೇಯ್ಲಿ 1858ರಲ್ಲಿ ಎರಡು, ಮೂರು ಸಾಲಿನ ಮಾತೃಕೆಗಳಿಗೆ ತಾಳೆ ನೋಡಿ ಅಲ್ಲಿಗೇ ನಿಲ್ಲಿಸಿದ. ಎಲ್ಲ ಗಾತ್ರದ ಮಾತೃಕೆಗಳಿಗೂ ಸಲ್ಲುವ ಸಾಧನೆ ಬಂದದ್ದು 1878ರಲ್ಲಿ, ಫ್ರೊಬೇನಿಯಸ್‌ನಿಂದ. ಇಪ್ಪತ್ತು ವರ್ಷ ಕಾದ ಸಾಧನೆಯನ್ನು ನಮ್ಮ ಮಕ್ಕಳು ಎರಡು ಸಾಲಿನಲ್ಲಿ ಮುಗಿಸುತ್ತಿದ್ದಾರೆಂದರೆ ಎಲ್ಲೋ ಏನೋ ತಪ್ಪಿರಬೇಕೆಂದು ನಮಗಾದರೂ ಅನ್ನಿಸಬೇಕಿತ್ತು.

ನಾನು ಪತ್ರಿಕೆಯನ್ನು ಎತ್ತಿಕೊಂಡು ಮುಖ್ಯ ಮೌಲ್ಯಮಾಪಕರ ಹತ್ತಿರ ಹೋದೆ. ಹಿರಿಯರು, ಒಳ್ಳೆಯವರು. ಕನ್ನಡಕ ಸರಿಮಾಡಿಕೊಂಡು ಓದಿದರು. "ತಪ್ಪು ಅಂತ ನನಗೂ ಗೊತ್ತಮ್ಮ. ಗೈಡಲ್ಲೇ ಹಾಗಿದೆ, ಹುಡುಗರದೇನು ತಪ್ಪು? ಕೊಟ್ಟುಬಿಡಿ," ಅಂದರು. ನಾನೂ ಕೊಟ್ಟೆ. ಎಲ್ಲರಿಗೂ ಪೂರ್ತಿ ಅಂಕ. ಅವತ್ತು ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ಆದ ಸಂಕಟ ಈಗಲೂ ಹೋಗಿಲ್ಲ. ಈ ಹುಡುಗಿಯ ಪತ್ರಿಕೆಯ ಮೇಲಿನ ಆ 'ಒಂದು' ಕಂಡಾಗ ಅದು ಇಮ್ಮಡಿಯಾಯಿತು. ಗೈಡಿನ ತಪ್ಪು ಸಾಧನೆಗೆ ಪೂರ್ತಿ ಅಂಕ, ತಲೆಯಿಂದ ಬಂದ ಸರಿ ಉತ್ತರಕ್ಕೆ ಒಂದು ಅಂಕ. ನನ್ನ ದೂರು ಇದಿಷ್ಟೇ. ಮುಂದೆ ಬರೆಯುವುದೆಲ್ಲ ಇದಕ್ಕೆ ಸೇರಿದ್ದು.

ಆ ಹುಡುಗಿ ಹಾಗೆ ಯೋಚಿಸಲು ಕಲಿತದ್ದು ಹೇಗೆಂದು ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯಿದೆ.

ಸೆಮಿಸ್ಟರಿನ ಮೂರನೇ ವಾರ. ನಾನು ಬೋರ್ಡಿನ ಮೇಲೆ ಒಂದು ಹಳೆಯ ಲೆಕ್ಕ ಬರೆದೆ. ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ಈ ಲೆಕ್ಕ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ್ದು. ಸುಮಾರು 850ರ ಹೊತ್ತಿಗೆ, ನೃಪತುಂಗ ಅಮೋಘವರ್ಷನ ಆಶ್ರಯದಲ್ಲಿದ್ದು ಸಂಸ್ಕೃತದಲ್ಲಿ ಬರೆದ ಗ್ರಂಥ. ರಾಜಧಾನಿ ಮಾನ್ಯಖೇಟ, ಇವತ್ತಿನ ಮಳಖೇಡ. ಹುಡುಗರು ಪೆನ್ನು ತೆಗೆದು ಮೇಲಿನದನ್ನು ಏಳರಿಂದ, ಕೆಳಗಿನದನ್ನು ಒಂಬತ್ತರಿಂದ ಗುಣಿಸಲು ಹೊರಟರು. ಈ ಹುಡುಗಿಯ ತಾಯಿ ವಾರದ ಸಂತೆಯಲ್ಲಿ ತರಕಾರಿ ಮಾರುತ್ತಾರೆ, ಇವಳೂ ಜೊತೆಗೆ ಕೂರುತ್ತಾಳೆ. ಪೆನ್ನು ಮುಟ್ಟದೆ ಹೇಳಿದಳು: "ಮೇಡಂ, ಎರಡೂ ಕೂಡಿಸಿಬಿಟ್ರೆ ಹದಿನಾರು ಜೋಡಿಗೆ 208. ಜೋಡಿಗೆ 13. ಕಳೆದ್ರೆ ಎರಡು ಸಲದ ವ್ಯತ್ಯಾಸ 6, ಅಂದ್ರೆ ಮಾದಲ ಮೂರು ಜಾಸ್ತಿ. 8 ಮತ್ತು 5."

ನಾನು ಆ ಮಾತನ್ನೇ ಹಿಡಿದುಕೊಂಡೆ. ಲೆಕ್ಕದ ಮಾತೃಕೆ ಬರೆದೆ: ಮೇಲೆ 9, 7, ಕೆಳಗೆ 7, 9. ಅದನ್ನು (1, 1) ಕ್ಕೆ ಹಚ್ಚಿದರೆ (16, 16). (1, −1) ಕ್ಕೆ ಹಚ್ಚಿದರೆ (2, −2). ಬೇರೆ ಯಾವ ದಿಕ್ಕಿನ ಸದಿಶ ಕೊಟ್ಟರೂ ಈ ಮಾತೃಕೆ ಅದನ್ನು ತಿರುಗಿಸುತ್ತದೆ, ಈ ಎರಡನ್ನು ಮಾತ್ರ ತಿರುಗಿಸುವುದಿಲ್ಲ. ಒಂದನ್ನು ಹದಿನಾರು ಪಟ್ಟು, ಇನ್ನೊಂದನ್ನು ಎರಡು ಪಟ್ಟು ಹಿಗ್ಗಿಸಿ ಅದೇ ನೇರದಲ್ಲಿ ಬಿಡುತ್ತದೆ. ಜರ್ಮನ್ ಭಾಷೆಯಲ್ಲಿ ಐಗನ್ ಎಂದರೆ 'ತನ್ನದೇ ಆದ' ಎಂದರ್ಥ. ಇವು ಆ ಮಾತೃಕೆಯ ಸ್ವಂತ ದಿಕ್ಕುಗಳು. ನೀನು ಕೂಡಿಸಿದ್ದು ಒಂದು ಸ್ವಂತ ದಿಕ್ಕು, ಕಳೆದದ್ದು ಇನ್ನೊಂದು, ಅದಕ್ಕೇ ಲೆಕ್ಕ ಅಷ್ಟು ಸುಲಭವಾಗಿ ಬಿಚ್ಚಿಕೊಂಡಿತು ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ, "ಹಂಗಾದ್ರೆ ಡಯಾಗನಲೈಸೇಷನ್ ಅಂದ್ರೆ ಇಷ್ಟೇನಾ ಮೇಡಂ?" ಅಂದ. ಹೌದು, ಇಷ್ಟೇ: ಮಾತೃಕೆಯನ್ನು ಅದರ ಸ್ವಂತ ದಿಕ್ಕುಗಳಲ್ಲಿ ಬರೆಯುವುದು. ಹನ್ನೊಂದು ವರ್ಷದಲ್ಲಿ ಅಷ್ಟು ಖುಷಿಯಾದ ತರಗತಿ ಇನ್ನೊಂದು ನನಗೆ ನೆನಪಿಲ್ಲ.

ಇನ್ನೊಂದು ದಿನ ರಂಗೋಲಿ ಹಾಕಿದೆವು. ನೇರ ಚುಕ್ಕಿ ಇಟ್ಟು, ಪ್ರತಿ ಸಾಲನ್ನೂ ಅದರ ಕೆಳಗಿನ ಸಾಲಿಗಿಂತ ಅರ್ಧ ಹೆಜ್ಜೆ ಬಲಕ್ಕೆ ಜರುಗಿಸುತ್ತಾ ಹೋದರೆ ಸಂದು ಚುಕ್ಕಿ ಸಿಗುತ್ತದೆ. ಜರುಗಿಸಿದ್ದು ಒಂದು ಮಾತೃಕೆ: ಮೇಲಿನ ಸಾಲು 1, ½, ಕೆಳಗಿನ ಸಾಲು 0, 1. ಅದರ ನಿರ್ಧಾರಕ 1. ಚೌಕದ ಮನೆಗಳು ಓರೆಯಾದವು, ಆದರೆ ಮನೆಯ ವಿಸ್ತೀರ್ಣ ಬದಲಾಗಲಿಲ್ಲ. ಅಷ್ಟೇ ಜಾಗಕ್ಕೆ ಅಷ್ಟೇ ಚುಕ್ಕಿ. ನಿರ್ಧಾರಕ ಹೇಳುವುದು ಅದನ್ನೇ. ಪಿ.ಯು.ಸಿ.ಯಿಂದ ನಿರ್ಧಾರಕ ಬಿಡಿಸುತ್ತಾ ಬಂದ ಮಕ್ಕಳಿಗೆ ಅದು ವಿಸ್ತೀರ್ಣದ ಲೆಕ್ಕ ಎಂದು ಪದವಿಯ ಕೊನೆಯಲ್ಲಿ ತಿಳಿಯುತ್ತದೆ, ಅದೂ ಯಾರಾದರೂ ಹೇಳಿದರೆ. ಅವತ್ತು ತರಗತಿ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು ತುಂಬ ವಿನಯದಿಂದ ಕೇಳಿದ: "ಮೇಡಂ, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?"

ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಹಾಲು ಡೈರಿಗೆ ಹಾಕಿ, ಎರಡು ಬಸ್ಸು ಹಿಡಿದು ಬರುವ ಹುಡುಗ. ಅವನಿಗೆ ಬೇಕಾದದ್ದು ಬರುವುದನ್ನು ಮಾತ್ರ ಓದಿ ಪಾಸಾಗುವ ಭರವಸೆ. ಹಳೆಯ ಐದು ಪ್ರಶ್ನೆಪತ್ರಿಕೆ ತೆಗೆದು ನೋಡಿದರೆ ಏನು ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸದಿಶ ಅವಕಾಶದ ನಿಯಮಗಳ ಪಟ್ಟಿ, ಇದು ಉಪಾವಕಾಶ ಎಂದು ತೋರಿಸಿ, ಈ ಮೂರು ಸದಿಶಗಳು ಸ್ವತಂತ್ರವೇ ನೋಡಿ, ರ‍್ಯಾಂಕ್–ನಲಿಟಿ ಪ್ರಮೇಯ ಸಾಧಿಸಿ, ಈ ಪರಿವರ್ತನೆಯ ಮಾತೃಕೆ ಬರೆಯಿರಿ. ಅಂಕಿಗಳು ಬದಲಾಗುತ್ತವೆ, ಕೆಲವು ಸಲ ಅವೂ ಬದಲಾಗುವುದಿಲ್ಲ. ಚಿತ್ರ ಬರೆದು ವಿವರಿಸಿ ಎನ್ನುವ ಪ್ರಶ್ನೆಯಿಲ್ಲ. ಏಕೆ ಎನ್ನುವ ಪ್ರಶ್ನೆಯಿಲ್ಲ. ಈ ಹೇಳಿಕೆ ಸರಿಯೇ ತಪ್ಪೇ, ತಪ್ಪಾದರೆ ಒಂದು ಉದಾಹರಣೆ ಕೊಡಿ ಎನ್ನುವ ಪ್ರಶ್ನೆಯನ್ನು ನಾನು ಈ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಮ್ಮ ಪತ್ರಿಕೆಯಲ್ಲಿ ಕಂಡಿಲ್ಲ.

ಈ ನಡುವೆ ಪಠ್ಯಕ್ರಮವೇನೂ ನಿಂತ ನೀರಾಗಿರಲಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎರಡೂ ಸಲ ಯೂನಿಟ್ಟುಗಳು ಹಿಂದುಮುಂದಾದವು, ಸೆಮಿಸ್ಟರ್ ಬದಲಾಯಿತು, ಹೊಸ ಗೈಡುಗಳು ಬಂದವು. ಪ್ರಶ್ನೆ ಕೇಳುವ ರೀತಿ ಮಾತ್ರ ಎರಡು ನೀತಿಗಳನ್ನೂ ದಾಟಿಕೊಂಡು ಹಾಗೇ ಉಳಿಯಿತು. ಪಠ್ಯಕ್ರಮ ಬದಲಾಯಿಸಲು ಅಷ್ಟು ಸಭೆಗಳು ನಡೆದವಲ್ಲ, ಅದರಲ್ಲಿ ಒಂದಾದರೂ ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು ನಡೆದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ.

ಭಾಷೆಯ ಮಾತನ್ನೂ ಹೇಳಲೇಬೇಕು. ನನ್ನ ತರಗತಿಯ ಬಹಳಷ್ಟು ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಲ್ಲಿ ಅವರು 'ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ'ಯನ್ನು ವರ್ಜಿಸುವ ವಿಧಾನದಿಂದ ಬಿಡಿಸಿದ್ದಾರೆ, ಚೆನ್ನಾಗಿಯೇ ಬಿಡಿಸಿದ್ದಾರೆ. ಪದವಿಗೆ ಬಂದಾಗ ಅದೇ ಕೆಲಸ 'ಗಾಸಿಯನ್ ಎಲಿಮಿನೇಷನ್' ಎಂಬ ಹೆಸರು ಹೊತ್ತು, ಎಲಿಮೆಂಟರಿ ರೋ ಆಪರೇಷನ್ಸ್ ಎಂಬ ಮೂರು ನಿಯಮಗಳ ಜೊತೆ ಬರುತ್ತದೆ. ಇವೆರಡೂ ಒಂದೇ ಎಂದು ಅವರಿಗೆ ಯಾವ ಪುಸ್ತಕವೂ ಹೇಳುವುದಿಲ್ಲ. ಹೇಳಿದ ದಿನ ಅವರ ಮುಖ ನೋಡಬೇಕು. ಗಾಸ್ ಹುಟ್ಟಿದ್ದು 1777ರಲ್ಲಿ. ಅವನಿಗಿಂತ ಎಷ್ಟೋ ಶತಮಾನ ಮೊದಲೇ ಚೀನಾದವರು ಮೂರು ತರದ ಧಾನ್ಯದ ಹೊರೆಗಳ ಲೆಕ್ಕವನ್ನು, ಅಂಕಿಗಳನ್ನು ಸಾಲಾಗಿ ಜೋಡಿಸಿ, ಒಂದರಿಂದ ಇನ್ನೊಂದನ್ನು ಕಳೆಯುತ್ತಾ ಇದೇ ರೀತಿ ಬಿಡಿಸುತ್ತಿದ್ದರು. 263ರಲ್ಲಿ ಲಿಯು ಹುಯಿ ಎಂಬ ಗಣಿತಜ್ಞ ಅದಕ್ಕೆ ವ್ಯಾಖ್ಯಾನವನ್ನೂ ಬರೆದ. ಮಾದಲ ಹಣ್ಣಿನ ಲೆಕ್ಕ ನಮ್ಮ ಮಳಖೇಡದ್ದು. ಈ ವಿಷಯ ಎಲ್ಲಿಂದಲೋ ಇಂಗ್ಲಿಷಿನಲ್ಲಿ ಉದುರಿದ್ದೆಂದು ನಮ್ಮ ಮಕ್ಕಳು ಹೆದರಬೇಕಾದ ಕಾರಣವೇ ಇಲ್ಲ.

ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಎಂ.ಎಸ್ಸಿ.ಗೆ, ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಸ್ಪ್ಯಾನ್, ಬೇಸಿಸ್, ಕರ್ನಲ್ ಎಂಬ ಪದಗಳನ್ನು ಮಗು ಅರ್ಥವಿಲ್ಲದ ಸದ್ದಿನಂತೆ ಕಲಿಯುವುದಕ್ಕೂ, ಒಮ್ಮೆ ತನ್ನ ಭಾಷೆಯಲ್ಲಿ ತಿಳಿದುಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದಕ್ಕೂ ಅಜಗಜಾಂತರವಿದೆ. ಸಿಲ್ವೆಸ್ಟರ್ 1850ರಲ್ಲಿ 'ಮ್ಯಾಟ್ರಿಕ್ಸ್' ಎಂಬ ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಲ್ಯಾಟಿನ್‌ನಲ್ಲಿ ಅದಕ್ಕಿರುವ ಗರ್ಭ ಎಂಬ ಅರ್ಥ. ಅದರೊಳಗಿಂದ ಅನೇಕ ನಿರ್ಧಾರಕಗಳು ಹುಟ್ಟುತ್ತವೆ ಎಂದು. ನಮ್ಮ 'ಮಾತೃಕೆ' ಆ ತಾಯ್ತನವನ್ನು ಎಷ್ಟು ಚೆನ್ನಾಗಿ ಹಿಡಿದಿದೆ! ಇಷ್ಟು ಒಳ್ಳೆಯ ಪದವನ್ನು ಮಕ್ಕಳು ಪದವಿ ಮುಗಿಯುವವರೆಗೆ ಒಮ್ಮೆಯೂ ಕೇಳದೇ ಹೋಗುತ್ತಾರೆ.

ಪ್ರಾಯೋಗಿಕ ತರಗತಿಯದೂ ಬೇರೆ ಕತೆಯಲ್ಲ. ಕಂಪ್ಯೂಟರ್ ಲ್ಯಾಬ್ ಇದೆ, ಪೈಥಾನ್ ಇದೆ. ರೆಕಾರ್ಡಿನಲ್ಲಿ ಇರುವ ಪ್ರೋಗ್ರಾಮನ್ನು ಬೆರಳಚ್ಚಿಸಿ, ಬಂದ ಉತ್ತರವನ್ನು ಬರೆದುಕೊಂಡು, ಸಹಿ ಹಾಕಿಸಿಕೊಂಡರೆ ಆಯಿತು. ಮೂರು ಸಾಲಿನ ಮಾತೃಕೆಯ ವಿಲೋಮವನ್ನು ಕೈಯಲ್ಲೇ ಕಂಡುಹಿಡಿಯಬಹುದು, ಅದಕ್ಕೆ ಕಂಪ್ಯೂಟರ್ ಯಾಕೆ ಬೇಕು? ಅದೇ ಲ್ಯಾಬಿನಲ್ಲಿ ಒಂದು ಕಪ್ಪುಬಿಳುಪು ಫೋಟೋವನ್ನು ತೆರೆದು, ಅದು ನೂರಾರು ಸಾಲಿನ ಒಂದು ಮಾತೃಕೆ ಎಂದು ತೋರಿಸಿ, ಅದರ ಸಾಲುಗಳನ್ನು ಕೂಡಿ ಕಳೆದು ಚಿತ್ರಕ್ಕೆ ಏನಾಗುತ್ತದೆಂದು ನೋಡಲು ಒಂದೇ ಗಂಟೆ ಸಾಕು. ನಾನು ಒಮ್ಮೆ ಮಾಡಿದೆ. ರೆಕಾರ್ಡಿನಲ್ಲಿ ಇಲ್ಲದ್ದರಿಂದ ಅದು ಲೆಕ್ಕಕ್ಕೆ ಸೇರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಡೇಟಾ ಕೆಲಸದ ಸಂದರ್ಶನ ಮುಗಿಸಿ ಫೋನ್ ಮಾಡಿದ. ನಮ್ಮಲ್ಲಿ ಈ ಪತ್ರಿಕೆಯಲ್ಲಿ ಒಳ್ಳೆಯ ಅಂಕ ತೆಗೆದವನು. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: ರ‍್ಯಾಂಕ್ ಕಡಿಮೆಯಿದೆ ಅಂದರೆ ನಿನ್ನ ಡೇಟಾದ ಬಗ್ಗೆ ಏನು ತಿಳಿಯುತ್ತದೆ? "ರ‍್ಯಾಂಕ್ ಕಂಡುಹಿಡಿಯೋದು ಗೊತ್ತು ಮೇಡಂ, ಅದು ಏನು ಹೇಳುತ್ತೆ ಅನ್ನೋದನ್ನ ನಾವು ಓದಿರಲಿಲ್ಲವಲ್ಲ," ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಅವನು ಓದಿದ ವರ್ಷ ನಾನೂ ಗೈಡನ್ನೇ ಹಿಡಿದು ಪಾಠ ಮಾಡಿದ್ದೆ. ಗೂಗಲ್ 1998ರಲ್ಲಿ ಶುರುವಾದಾಗ ಪುಟಗಳಿಗೆ ಕ್ರಮ ಕೊಟ್ಟದ್ದು ಒಂದು ಬೃಹತ್ ಮಾತೃಕೆಯ ಐಗನ್ ಸದಿಶದಿಂದ. ಇವತ್ತು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಒಳಗೆ ಹಗಲು ರಾತ್ರಿ ನಡೆಯುವುದು ಬಹುಮಟ್ಟಿಗೆ ಮಾತೃಕೆಗಳ ಗುಣಾಕಾರ. ಪದವಿಯ ಗಣಿತದಲ್ಲಿ ಕೆಲಸಕ್ಕೆ ಇಷ್ಟು ನೇರವಾಗಿ ಬರುವ ಪತ್ರಿಕೆ ಬಹುಶಃ ಇದೊಂದೇ. ಅದನ್ನೇ ನಾವು ಬಾಯಿಪಾಠಕ್ಕೆ ಬಿಟ್ಟುಕೊಟ್ಟಿದ್ದೇವೆ.

ಪ್ರಮೇಯಗಳನ್ನು ತೆಗೆದು ಪತ್ರಿಕೆಯನ್ನು ಸುಲಭ ಮಾಡಿ ಎಂದು ನಾನು ಕೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕೇಯ್ಲಿ–ಹ್ಯಾಮಿಲ್ಟನ್ ಸಾಧನೆ ಇರಲಿ, ನಿಜವಾದ ಸಾಧನೆ ಇರಲಿ. ಅದರ ಜೊತೆಗೇ, ಮೇಲೆ 1, 1, ಕೆಳಗೆ 1, 0 ಇರುವ ಮಾತೃಕೆಗೆ ಈ ಪ್ರಮೇಯ ಏನು ಹೇಳುತ್ತದೆ ಎಂದು ಕೇಳಲಿ. ಮಾತೃಕೆಯ ವರ್ಗವು ಮಾತೃಕೆಗೆ ಐಡೆಂಟಿಟಿ ಕೂಡಿಸಿದ್ದಕ್ಕೆ ಸಮ ಎಂದು ಬರುತ್ತದೆ. ಅಲ್ಲಿಂದ ಫಿಬೊನಾಚಿ ಸಂಖ್ಯೆಗಳು ತಾವಾಗಿಯೇ ಒಂದರ ಹಿಂದೊಂದು ಬರುತ್ತವೆ. ಮೂರು ಅಡ್ಡಸಾಲು, ಐದು ಕಂಬಸಾಲಿನ ಮಾತೃಕೆ ಸೊನ್ನೆ ಸದಿಶವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಸೊನ್ನೆ ಮಾಡದೆ ಇರಲು ಸಾಧ್ಯವೇ ಎಂದು ಕೇಳಲಿ. ರ‍್ಯಾಂಕ್–ನಲಿಟಿ ಪ್ರಮೇಯ ಅರ್ಥವಾದವರು ಒಂದೇ ಸಾಲಿನಲ್ಲಿ 'ಇಲ್ಲ' ಎಂದು ಕಾರಣ ಸಮೇತ ಬರೆಯುತ್ತಾರೆ. ಬಾಯಿಪಾಠ ಮಾಡಿದವರು ಒಂದು ಪುಟದ ಸಾಧನೆ ಬರೆದೂ ಇದಕ್ಕೆ ತಡವರಿಸುತ್ತಾರೆ. ಇಂಥ ಪ್ರಶ್ನೆಗಳನ್ನು ತೆಗೆಯಲು ಖರ್ಚಿಲ್ಲ, ಸರ್ಕಾರದ ಆದೇಶ ಬೇಕಿಲ್ಲ. ತಮ್ಮ ಒಂದು ಸಭೆಯ ನಿರ್ಣಯ ಸಾಕು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ, ಮುಂದಿನ ಪರೀಕ್ಷೆಯಿಂದಲೇ ಪ್ರತಿ ಸ್ಕೀಮಿನ ತಲೆಯ ಮೇಲೆ ಒಂದು ಸಾಲು ಅಚ್ಚಾಗಲಿ: ಬೇರೆ ದಾರಿಯಲ್ಲಿ ಬಂದ, ಕಾರಣ ಕೊಟ್ಟಿರುವ ಸರಿಯಾದ ಉತ್ತರಕ್ಕೆ ಪೂರ್ಣ ಅಂಕ ಕೊಡತಕ್ಕದ್ದು. ಇಷ್ಟಿದ್ದರೆ ಮೌಲ್ಯಮಾಪಕರಿಗೂ ಧೈರ್ಯ ಬರುತ್ತದೆ. ಅದರ ಜೊತೆಗೆ, ಮೇಲೆ ಹೇಳಿದ ಎರಡು ಸಾಲಿನ ಸಾಧನೆ ತಪ್ಪು ಎಂದು ಎಲ್ಲ ಕಾಲೇಜುಗಳಿಗೂ ಒಂದು ಸುತ್ತೋಲೆ ಕಳಿಸಿ. ಈಗ ಓದುತ್ತಿರುವವರಿಗೆ ಅನ್ಯಾಯವಾಗದಂತೆ ಒಂದು ಸೆಮಿಸ್ಟರ್ ಮೊದಲೇ ಕಳಿಸಿ. ಪತ್ರಿಕೆಯ ಕಾಲು ಭಾಗದಷ್ಟಾದರೂ ಅಂಕ ಅರ್ಥವನ್ನು ಪರೀಕ್ಷಿಸುವ ಪ್ರಶ್ನೆಗಳಿಗೆ ಹೋಗಲಿ, ಅಂಥ ಪ್ರಶ್ನೆಗಳ ಒಂದು ಮಾದರಿ ಪತ್ರಿಕೆ ಸೆಮಿಸ್ಟರ್ ಶುರುವಾಗುವ ಮೊದಲೇ ಮಕ್ಕಳ ಕೈಗೆ ಸಿಗಲಿ. ದಿಢೀರನೆ ಪರೀಕ್ಷೆಯ ದಿನ ಹೊಸ ಪ್ರಶ್ನೆ ಎದುರಾದರೆ ಹೊಡೆತ ಬೀಳುವುದು ಎರಡು ಬಸ್ಸು ಹಿಡಿದು ಬರುವ ಆ ಹುಡುಗನಿಗೇ.

ಕನ್ನಡ–ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು, ಪ್ರತಿ ಪದಕ್ಕೂ ಒಂದೊಂದು ಚಿಕ್ಕ ಉದಾಹರಣೆ ಸಮೇತ, ವಿಶ್ವವಿದ್ಯಾಲಯವೇ ಹೊರತರಲಿ. ಎರಡು ರಜೆಯ ಕೆಲಸ ಅದು. ನಾನು ಅರವತ್ತು ಪದಗಳವರೆಗೆ ಬರೆದಿಟ್ಟುಕೊಂಡಿದ್ದೇನೆ, ಕೇಳಿದರೆ ಸಂತೋಷದಿಂದ ಕಳಿಸುತ್ತೇನೆ, ಗೌರವಧನ ಬೇಡ. ಮೌಲ್ಯಮಾಪನಕ್ಕೆ ಮುಂಚೆ ಅರ್ಧ ದಿನ ಎಲ್ಲ ಮೌಲ್ಯಮಾಪಕರೂ ಕೂತು ಹತ್ತು ಉತ್ತರ ಪತ್ರಿಕೆಗಳನ್ನು ಒಟ್ಟಿಗೆ ನೋಡುವ ವ್ಯವಸ್ಥೆಯಾಗಲಿ. ಮಂಡಳಿಯ ಸಭೆಗೆ ಪಾಠ ಮಾಡುವ ಅತಿಥಿ ಉಪನ್ಯಾಸಕರಲ್ಲಿ ಒಬ್ಬರನ್ನಾದರೂ ಕರೆಯಿರಿ. ರಾಜ್ಯದ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಈ ಪತ್ರಿಕೆಯನ್ನು ಕಲಿಸುತ್ತಿರುವವರು ನಾವೇ.

ಆ ಹುಡುಗಿಗೆ ಎಂ.ಎಸ್ಸಿ. ಮಾಡುವ ಆಸೆಯಿತ್ತು. ಈ ಒಂದು ಪತ್ರಿಕೆಯಿಂದ ಅವಳ ಗಣಿತದ ಸರಾಸರಿ ಇಳಿದು, ಮೊದಲ ಪಟ್ಟಿಯಲ್ಲಿ ಸೀಟು ಸಿಗಲಿಲ್ಲ. ಈಗ ತಾಯಿಯ ಜೊತೆ ಸಂತೆಗೆ ಹೋಗುತ್ತಾಳೆ, ಸಂಜೆ ಊರಿನ ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆದಿದ್ದೇನೆ. ಹೆಸರು, ರಿಜಿಸ್ಟರ್ ನಂಬರು ಮರೆಮಾಡಿದ ಅವಳ ಉತ್ತರ ಪತ್ರಿಕೆಯ ನಕಲು ನನ್ನ ಹತ್ತಿರ ಇದೆ. ಹದಿನಾಲ್ಕನೇ ಪುಟ, ಐದು ಸಾಲು. ಮಂಡಳಿಯ ಮುಂದಿನ ಸಭೆ ಯಾವತ್ತೆಂದು ತಿಳಿಸಿದರೆ ನಾನೇ ತಂದು ತಮ್ಮ ಮೇಜಿನ ಮೇಲೆ ಇಡುತ್ತೇನೆ. ದಯವಿಟ್ಟು ಸ್ಕೀಮನ್ನು ಪಕ್ಕಕ್ಕಿಟ್ಟು ಅದನ್ನೊಮ್ಮೆ ಓದಿ, ತಾವೇ ಎಷ್ಟು ಅಂಕ ಕೊಡುತ್ತಿದ್ದಿರಿ ಎಂದು ಹೇಳಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗಣಿತ ಅತಿಥಿ ಉಪನ್ಯಾಸಕಿ
ಸರ್ಕಾರಿ ಪ್ರಥಮ ದರ್ಜೆ ಕಾಲೇಜು